ಮಗಳು ಜರ್ಮನ್ ಬಿ.ಎ. ಓದುತ್ತೇನೆ ಎನ್ನುತ್ತಿದ್ದಾಳೆ, ಒಪ್ಪಬಹುದೇ?

ಪ್ರಶ್ನೆ: ನಾವು ರಾಜಾಜಿನಗರದವರು. ನನ್ನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಸಂಜೆ ತರಗತಿಗೆ ಹೋಗಿ ಜರ್ಮನ್ ಕಲಿತು ಎ2 ಎಂಬ ಆರಂಭದ ಮಟ್ಟದ ಪರೀಕ್ಷೆಯನ್ನೂ ಪಾಸು ಮಾಡಿದ್ದಾಳೆ. ಈಗ ಬಿ.ಕಾಂ. ಬೇಡ, ಹೈದರಾಬಾದಿಗೋ ದೆಹಲಿಗೋ ಹೋಗಿ ಜರ್ಮನ್ ಬಿ.ಎ. ಆನರ್ಸ್ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಮಾತನಾಡುವುದನ್ನು ಕಲಿಯಲು ಮೂರು ವರ್ಷ ಯಾಕೆ ಬೇಕು ಎಂದು ಅವಳ ತಂದೆ ಕೇಳುತ್ತಾರೆ. ಮೊಬೈಲೇ ಭಾಷಾಂತರ ಮಾಡಿಕೊಡುವಾಗ ಭಾಷೆಯಲ್ಲಿ ಪದವಿ ಯಾರಿಗೆ ಬೇಕು ಎನ್ನುವುದು ನನ್ನ ಮೈದುನನ ವಾದ. ಕಲಿಯುವುದೇ ಆದರೆ ಜಪಾನೀಸ್ ಕಲಿಯಲಿ, ಅದಕ್ಕೆ ಬೆಲೆ ಹೆಚ್ಚು ಎನ್ನುವವರೂ ಇದ್ದಾರೆ. ನನಗಿರುವ ಭಯವೇ ಬೇರೆ: ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡು ನೂರಕ್ಕೆ ತೊಂಬತ್ತೆಂಟು ಪಡೆದ ಕಾನ್ವೆಂಟ್ ಮಕ್ಕಳ ನಡುವೆ ಇವಳು ಹಿಂದೆ ಬೀಳುವುದಿಲ್ಲವೇ? ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ತಿಳಿಸಿ.

ಉತ್ತರ: ನಿಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳುತ್ತಿದ್ದರೂ ಎಲ್ಲರ ಆತಂಕದ ಮೂಲ ಒಂದೇ. ಮೂರು ವರ್ಷ ಮತ್ತು ಹಾಸ್ಟೆಲ್ ಖರ್ಚನ್ನು ಹಾಕಿದ ಮೇಲೆ ಮಗಳ ಕೈಯಲ್ಲಿ ನಿಜವಾಗಿ ಏನು ಉಳಿಯುತ್ತದೆ ಎಂಬುದು ಯಾರಿಗೂ ಸ್ಪಷ್ಟವಾಗಿಲ್ಲ. ಜರ್ಮನ್ ಕಲಿಸುವುದು ಮತ್ತು ತಾಂತ್ರಿಕ ಕಡತಗಳನ್ನು ಭಾಷಾಂತರಿಸುವುದು, ಈ ಎರಡೂ ನನ್ನ ವೃತ್ತಿಯಾಗಿರುವುದರಿಂದ ಪದವಿಯ ಒಳಗೆ ನಡೆಯುವುದನ್ನೂ ಆಮೇಲೆ ಹೊರಗೆ ನಡೆಯುವುದನ್ನೂ ನಾನು ಕಂಡಂತೆ ಬರೆಯುತ್ತೇನೆ.

ಅವಳ ತಂದೆಯವರ ಪ್ರಶ್ನೆಯಿಂದಲೇ ಆರಂಭಿಸೋಣ, ಏಕೆಂದರೆ ಅದು ನ್ಯಾಯವಾದ ಪ್ರಶ್ನೆ. ಮಾತನಾಡುವುದಷ್ಟೇ ಗುರಿಯಾದರೆ ಪದವಿ ಬೇಕಿಲ್ಲ. ಭಾಷಾ ಪದವಿಯಲ್ಲಿ ಸಂಭಾಷಣೆಗೆ ಒಂದು ಸ್ಥಾನವಿದೆಯಾದರೂ ಅದು ದೊಡ್ಡ ಸ್ಥಾನವಲ್ಲ. ಮೊದಲ ವರ್ಷದಲ್ಲಿ ವ್ಯಾಕರಣ, ಉಚ್ಚಾರಣೆ, ಉಕ್ತಲೇಖನ, ಸಣ್ಣ ಪಠ್ಯಗಳ ಓದು ಇರುತ್ತದೆ, ಸಂಜೆ ತರಗತಿಯಲ್ಲಿ ಕಲಿತದ್ದೇ ಹೆಚ್ಚು ವೇಗವಾಗಿ, ಹೆಚ್ಚು ಬಿಗಿಯಾಗಿ ನಡೆಯುತ್ತದೆ. ಎರಡನೆಯ ವರ್ಷದಿಂದ ಆ ದೇಶದ ಇತಿಹಾಸ ಮತ್ತು ಸಮಾಜ ಪಾಠದ ವಿಷಯವಾಗುತ್ತವೆ. ಮೊದಲ ಮಹಾಯುದ್ಧದ ನಂತರದ ವೈಮಾರ್ ಗಣರಾಜ್ಯ, ನಾಜಿ ಆಳ್ವಿಕೆ, 1949ರಲ್ಲಿ ಎರಡಾದ ದೇಶ, 1961ರಲ್ಲಿ ಎದ್ದು 1989ರಲ್ಲಿ ಬಿದ್ದ ಬರ್ಲಿನ್ ಗೋಡೆ, ದುಡಿಯಲು ಬಂದ ತುರ್ಕಿ ಕಾರ್ಮಿಕರು ಅಲ್ಲೇ ನೆಲೆಸಿದ ಕಥೆ, ಇವೆಲ್ಲವನ್ನೂ ಕ್ರಮೇಣ ಜರ್ಮನ್ನಿನಲ್ಲೇ ಓದಿ ಜರ್ಮನ್ನಿನಲ್ಲೇ ಉತ್ತರ ಬರೆಯಬೇಕು. ಮೂರನೆಯ ವರ್ಷದಲ್ಲಿ ಸಾಹಿತ್ಯ, ಭಾಷಾವಿಜ್ಞಾನದ ಪರಿಚಯ, ಭಾಷಾಂತರ ಪತ್ರಿಕೆಗಳು ಸೇರಿಕೊಳ್ಳುತ್ತವೆ. ವಿಭಾಗದಿಂದ ವಿಭಾಗಕ್ಕೆ ಅನುಪಾತ ಬದಲಾದರೂ ಸ್ವರೂಪ ಸ್ಥೂಲವಾಗಿ ಇದೇ.

ಹೀಗಾಗಿ ಪದವಿಯ ಹೆಚ್ಚಿನ ಹೊತ್ತು ಒಬ್ಬರೇ ಕುಳಿತು ಓದುವುದರಲ್ಲಿ ಕಳೆಯುತ್ತದೆ. ಎರಡನೆಯ ವರ್ಷದ ವಿದ್ಯಾರ್ಥಿನಿಯ ಒಂದು ಸಂಜೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಮರುದಿನದ ತರಗತಿಗೆ ಎಂಟು ಪುಟದ ಒಂದು ಸಣ್ಣಕಥೆ ಓದಿಕೊಂಡು ಹೋಗಬೇಕು. ಮೊದಲ ಪುಟದಲ್ಲಿ ಮೂವತ್ತು ನಲವತ್ತು ಪದಗಳ ಕೆಳಗೆ ಪೆನ್ಸಿಲ್ ಗೆರೆ ಬೀಳುತ್ತದೆ. ಅವುಗಳಲ್ಲಿ ಅರ್ಧದಷ್ಟು ಪದಗಳು ನಿಘಂಟಿನಲ್ಲಿ ನೇರವಾಗಿ ಸಿಗುವುದೇ ಇಲ್ಲ, ಏಕೆಂದರೆ ಜರ್ಮನ್ನಿನಲ್ಲಿ ಕ್ರಿಯಾಪದದ ಒಂದು ತುಂಡು ವಾಕ್ಯದ ನಡುವೆ, ಇನ್ನೊಂದು ತುಂಡು ವಾಕ್ಯದ ಕೊನೆಯಲ್ಲಿ ಇರಬಹುದು, ಎರಡನ್ನೂ ಜೋಡಿಸಿದ ಮೇಲಷ್ಟೇ ಹುಡುಕಬೇಕಾದ ಪದ ಯಾವುದೆಂದು ತಿಳಿಯುತ್ತದೆ. ಒಂದು ಗಂಟೆಯಲ್ಲಿ ಎರಡು ಪುಟ ಸಾಗಿದರೆ ಹೆಚ್ಚು. ಇದು ತಿಂಗಳುಗಟ್ಟಲೆ ನಡೆಯುತ್ತದೆ, ನಂತರ ಒಂದು ಹಂತದಲ್ಲಿ ಓದು ಸಲೀಸಾಗುತ್ತದೆ. ಆ ಹಂತ ತಲುಪುವ ಮುನ್ನ ಕೈಬಿಡುವವರೇ ಹೆಚ್ಚು, ಮತ್ತು ಕೈಬಿಡುವವರಲ್ಲಿ ಬಹುತೇಕರು ಪದವಿ ಎಂದರೆ ಇನ್ನಷ್ಟು ಸಂಭಾಷಣೆ ಎಂದು ನಂಬಿ ಬಂದವರು.

ಮಟ್ಟಗಳ ಲೆಕ್ಕವನ್ನೂ ತಿಳಿದುಕೊಳ್ಳಿ. ಎ1ರಿಂದ ಸಿ2ರವರೆಗಿನ ಆರು ಮಟ್ಟಗಳ ಚೌಕಟ್ಟನ್ನು ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿತು. ಇಂದು ಉದ್ಯೋಗದಾತರೂ ವಿಶ್ವವಿದ್ಯಾಲಯಗಳೂ ಆ ಲೆಕ್ಕದಲ್ಲೇ ಮಾತನಾಡುತ್ತವೆ. ನಿಮ್ಮ ಮಗಳು ಇರುವ ಎ2 ಎಂದರೆ ಅಂಗಡಿ, ಪ್ರಯಾಣ, ಮನೆಯ ವಿಚಾರಗಳನ್ನು ಸರಳ ವಾಕ್ಯಗಳಲ್ಲಿ ಹೇಳಿಕೊಳ್ಳುವ ಮಟ್ಟ. ಕೆಲಸಕ್ಕೆ ಉಪಯೋಗವಾಗುವುದು ಬಿ2ರಿಂದ ಮೇಲೆ. ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನವನ್ನು ನಡೆಸುವ ಗಯಟೆ ಸಂಸ್ಥೆಯ ಅಂದಾಜಿನಂತೆ ಆರಂಭದಿಂದ ಬಿ2 ತಲುಪಲು 45 ನಿಮಿಷದ 600ರಿಂದ 800 ಪಾಠದ ಅವಧಿಗಳು ಬೇಕು, ಸಿ2ಗೆ 1,000ಕ್ಕಿಂತ ಹೆಚ್ಚು. ಮೇಲೆ ಹೋದಂತೆ ಒಂದೊಂದು ಮೆಟ್ಟಿಲಿಗೂ ಹಿಡಿಯುವ ಕಾಲ ಹಿಗ್ಗುತ್ತಾ ಹೋಗುತ್ತದೆ. ಎ2 ಬೇಗ ಮುಗಿಯಿತು ಎಂಬ ಕಾರಣಕ್ಕೆ ಬಿ2 ಕೂಡ ಅದೇ ವೇಗದಲ್ಲಿ ಬರುತ್ತದೆ ಎಂದು ಅವಳೂ ನೀವೂ ನಿರೀಕ್ಷಿಸಬೇಡಿ. ಪದವಿ ಪ್ರಮಾಣಪತ್ರದಿಂದಲೇ ಮಟ್ಟ ಸಾಬೀತಾಗುವುದಿಲ್ಲ ಎಂಬುದೂ ನೆನಪಿರಲಿ. ಒಂದೇ ತರಗತಿಯಿಂದ ಸಿ1 ಮಾತನಾಡುವವರೂ ಬಿ1 ದಾಟದವರೂ ಒಂದೇ ಪದವಿ ಹಿಡಿದು ಹೊರಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆದ್ದರಿಂದಲೇ ಕಂಪನಿಗಳು ಪದವಿಯ ಜೊತೆಗೆ ಪರೀಕ್ಷೆಯ ಪ್ರಮಾಣಪತ್ರವನ್ನೂ ಕೇಳುತ್ತವೆ.

ಈಗ ನಿಮ್ಮ ಭಯದ ವಿಚಾರ. ಪಿಯುಸಿ ಫ್ರೆಂಚಿನಲ್ಲಿ ತೊಂಬತ್ತೆಂಟು ಪಡೆದ ಮಕ್ಕಳ ಶ್ರಮವನ್ನು ನಾನು ಕಡೆಗಣಿಸುವುದಿಲ್ಲ, ಆದರೆ ಸರಾಸರಿ ಅಂಕ ಏರಲಿ ಎಂದು ಭಾಷೆ ಆರಿಸಿಕೊಳ್ಳುವ ಪದ್ಧತಿ ನಮ್ಮ ಊರಿನಲ್ಲಿ ಎಷ್ಟು ಬೇರೂರಿದೆ ಎಂಬುದು ನಿಮಗೂ ಗೊತ್ತು. ನಿಗದಿತ ಪಾಠಗಳ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿ ಪಡೆದ ಅಂಕಕ್ಕೂ ಓದದ ಪುಟವೊಂದನ್ನು ಮುಂದಿಟ್ಟರೆ ಅರ್ಥ ಮಾಡಿಕೊಳ್ಳುವ ಶಕ್ತಿಗೂ ಸಂಬಂಧ ತೀರಾ ಕಡಿಮೆ. ಕೇಳಿ, ಓದಿ, ಬರೆದು, ಮಾತನಾಡಿ ಎ2 ಪಾಸಾದ ನಿಮ್ಮ ಮಗಳು ಈ ವಿಷಯದಲ್ಲಿ ಅವರಿಗಿಂತ ಗಟ್ಟಿ ನೆಲದ ಮೇಲಿದ್ದಾಳೆ.

ಕನ್ನಡ ಮಾಧ್ಯಮದ ಪ್ರಶ್ನೆಯಲ್ಲಿ ಎರಡು ಮುಖಗಳಿವೆ, ಎರಡನ್ನೂ ಹೇಳಬೇಕು. ವ್ಯಾಕರಣವನ್ನು ವ್ಯಾಕರಣವೆಂದೇ ಓದಿದ ಮಕ್ಕಳಿಗೆ ಜರ್ಮನ್ನಿನ ವಿಭಕ್ತಿಗಳು ಹೊಸ ಲೋಕವೆನಿಸುವುದಿಲ್ಲ. ನಾಮಪದ ವಾಕ್ಯದಲ್ಲಿ ಮಾಡುವ ಕೆಲಸಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ ಎಂಬುದನ್ನು ಅವರಿಗೆ ಒಪ್ಪಿಸಬೇಕಾಗಿಲ್ಲ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುವುದು ಇಂಗ್ಲಿಷ್ ಮೂಲಕ ಯೋಚಿಸುವವರಿಗೆ ಕಿರಿಕಿರಿ, ನಮ್ಮ ಮಕ್ಕಳಿಗೆ ಸಹಜ. ಇನ್ನೊಂದು ಸೂಕ್ಷ್ಮ ಉದಾಹರಣೆ ಕೊಡುತ್ತೇನೆ. ಜರ್ಮನ್ ಪತ್ರಿಕೆಗಳು ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಕ್ರಿಯಾಪದದ ಬೇರೆಯೇ ರೂಪವನ್ನು ಬಳಸುತ್ತವೆ. ಇದು ಹೇಳಿದವರ ಮಾತು, ಪತ್ರಿಕೆ ಇದನ್ನು ಖಚಿತಪಡಿಸುತ್ತಿಲ್ಲ ಎಂಬ ಸೂಚನೆ ಆ ರೂಪದಲ್ಲೇ ಇರುತ್ತದೆ. ಇಂಗ್ಲಿಷ್ ಮೂಲಕ ವಿವರಿಸಿದರೆ ಅರ್ಧ ತರಗತಿ ಗೊಂದಲಕ್ಕೆ ಬೀಳುತ್ತದೆ. ‘ಮಂತ್ರಿಗಳಿಗೆ ಹುಷಾರಿಲ್ಲವಂತೆ’ ಎನ್ನುವಾಗ ನಾವು ‘ಅಂತೆ’ ಸೇರಿಸಿ ಮಾಡುವ ಕೆಲಸಕ್ಕೆ ಇದು ಬಹಳ ಹತ್ತಿರ ಎಂದರೆ ಕನ್ನಡದ ಮಕ್ಕಳು ಕೂಡಲೇ ತಲೆಯಾಡಿಸುತ್ತಾರೆ.

ಆದರೆ ಲಿಂಗದ ವಿಷಯದಲ್ಲಿ ಕನ್ನಡ ಕೈ ಹಿಡಿಯುವುದಿಲ್ಲ. ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ವಸ್ತುಗಳೆಲ್ಲ ನಪುಂಸಕ. ಜರ್ಮನ್ನಿನಲ್ಲಿ ಊಟದ ಮೇಜಿನ ಮೇಲಿರುವ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಪ್ರತಿ ಪದವನ್ನೂ ಅದರ ಲಿಂಗದೊಂದಿಗೇ ಕಂಠಸ್ಥ ಮಾಡಬೇಕು, ಬೇರೆ ದಾರಿಯಿಲ್ಲ. ಇದಕ್ಕಿಂತ ದೊಡ್ಡ ಕಷ್ಟ ಇಂಗ್ಲಿಷಿನದು. ಹೈದರಾಬಾದಿನಲ್ಲಾಗಲಿ ದೆಹಲಿಯಲ್ಲಾಗಲಿ ಮೊದಲ ವರ್ಷ ವ್ಯಾಕರಣದ ವಿವರಣೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ, ನಿಘಂಟುಗಳು ಜರ್ಮನ್–ಇಂಗ್ಲಿಷ್, ಭಾಷಾಂತರ ಪತ್ರಿಕೆಯಲ್ಲಿ ಜರ್ಮನ್ನಿನಿಂದ ಇಂಗ್ಲಿಷಿಗೆ ತಿರುಗಿಸಬೇಕು. ಜರ್ಮನ್ ಸರಿಯಾಗಿ ಅರ್ಥವಾಗಿದ್ದೂ ಇಂಗ್ಲಿಷ್ ವಾಕ್ಯ ಸೊರಗಿದ್ದರಿಂದ ಅಂಕ ಕಳೆದುಕೊಳ್ಳುವ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇದು ಬುದ್ಧಿಯ ಕೊರತೆಯಲ್ಲ, ಒಂದರ ಬದಲು ಎರಡು ಭಾಷೆಗಳನ್ನು ಒಟ್ಟಿಗೆ ಕಲಿಯುವ ಹೊರೆ. ಮಗಳು ಹೋಗುವುದೇ ಆದರೆ ಈ ಬೇಸಿಗೆಯಿಂದಲೇ ದಿನವೂ ಇಂಗ್ಲಿಷ್ ಪತ್ರಿಕೆಯ ಒಂದು ಲೇಖನ ಓದಿ, ಅದರ ಸಾರವನ್ನು ಹತ್ತು ಸಾಲಿನಲ್ಲಿ ಬರೆಯುವ ಅಭ್ಯಾಸ ಮಾಡಲಿ.

ನಿಮ್ಮ ಮೈದುನನವರ ವಾದದಲ್ಲಿ ಸತ್ಯಾಂಶವಿದೆ. ಗೂಗಲ್ 2016ರಲ್ಲಿ ಮಿದುಳಿನ ನರಜಾಲವನ್ನು ಹೋಲುವ ಕಂಪ್ಯೂಟರ್ ವಿಧಾನದ ಭಾಷಾಂತರಕ್ಕೆ ಬದಲಾದಾಗಿನಿಂದ, ಅದರಲ್ಲೂ ಇತ್ತೀಚಿನ ವರ್ಷಗಳಲ್ಲಿ, ಸಾಮಾನ್ಯ ಪತ್ರಗಳು, ಜಾಹೀರಾತಿನ ವಿವರಗಳು, ಒಳಬಳಕೆಯ ಕಡತಗಳನ್ನು ಮೊದಲಿನಿಂದ ಭಾಷಾಂತರಿಸುವ ಕೆಲಸ ತೀರಾ ಕಡಿಮೆಯಾಗಿದೆ. ನನ್ನ ಬಳಿಗೆ ಬರುವ ಕಡತಗಳಲ್ಲಿ ಹೆಚ್ಚಿನವು ಈಗ ಯಂತ್ರ ಒಮ್ಮೆ ಭಾಷಾಂತರಿಸಿದವೇ, ನನ್ನ ಕೆಲಸ ಅವುಗಳನ್ನು ಮೂಲದೊಂದಿಗೆ ಹೋಲಿಸಿ ತಿದ್ದುವುದು. ಈ ತಿದ್ದುವ ಕೆಲಸಕ್ಕೂ 2017ರಿಂದ ಐಎಸ್‌ಒ 18587 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಸಂಭಾವನೆ ಹಳೆಯ ಭಾಷಾಂತರಕ್ಕಿಂತ ಕಡಿಮೆ. ಸಾಧಾರಣ ಮಟ್ಟದ ಜರ್ಮನ್ ಹಿಡಿದು ಭಾಷಾಂತರಕಾರರಾಗಿ ಬದುಕಬಹುದಾಗಿದ್ದ ಕಾಲ ಮುಗಿದಿದೆ ಎಂದು ನಾನು ನೇರವಾಗಿ ಹೇಳುತ್ತೇನೆ.

ಉಳಿದಿರುವ ಕೆಲಸಕ್ಕೆ ಮಾತ್ರ ಮೊದಲಿಗಿಂತ ಆಳವಾದ ಜ್ಞಾನ ಬೇಕು. ಜರ್ಮನ್ನರು ಸಾವಿರವನ್ನು ಬೇರ್ಪಡಿಸಲು ಚುಕ್ಕಿಯನ್ನೂ ದಶಮಾಂಶಕ್ಕೆ ಅಲ್ಪವಿರಾಮವನ್ನೂ ಬಳಸುತ್ತಾರೆ. ಅವರ ಯಂತ್ರದ ಕೈಪಿಡಿಯಲ್ಲಿ 1.500 ಎಂದಿದ್ದರೆ ಅದು ಸಾವಿರದ ಐನೂರು. ಭಾಷಾಂತರದಲ್ಲಿ ಆ ಅಂಕಿ ಹಾಗೇ ಉಳಿದುಬಿಟ್ಟರೆ ಪೀಣ್ಯದ ಕಾರ್ಖಾನೆಯಲ್ಲಿ ಅದನ್ನು ಓದುವವರಿಗೆ ಅದು ಒಂದೂವರೆ. ವಾಕ್ಯ ಸುಂದರವಾಗಿರುವುದರಿಂದ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ಔಷಧದ ವಿವರ, ಕರಾರು ಪತ್ರ, ಪೇಟೆಂಟ್, ಸುರಕ್ಷತಾ ಸೂಚನೆ, ಇಂಥ ಕಡೆ ಹೊಣೆ ಹೊತ್ತು ಸಹಿ ಹಾಕುವ ಮನುಷ್ಯರು ಬೇಕೇ ಬೇಕು. ಭಾಷಾಂತರ ಸೇವೆಯ ಮಾನದಂಡವಾದ ಐಎಸ್‌ಒ 17100 ಪ್ರತಿ ಭಾಷಾಂತರವನ್ನೂ ಎರಡನೆಯ ವ್ಯಕ್ತಿಯೊಬ್ಬರು ಪರಿಶೀಲಿಸಬೇಕು ಎನ್ನುತ್ತದೆ. ಭಾಷಾಂತರಕಾರರಿಗೆ ಭಾಷಾಂತರದಲ್ಲಿ ಪದವಿ, ಅಥವಾ ಬೇರೆ ವಿಷಯದಲ್ಲಿ ಪದವಿ ಮತ್ತು ಎರಡು ವರ್ಷದ ಪೂರ್ಣಕಾಲಿಕ ಅನುಭವ, ಅಥವಾ ಐದು ವರ್ಷದ ಅನುಭವ ಇರಬೇಕು ಎಂದೂ ಹೇಳುತ್ತದೆ. ಇದರಲ್ಲಿ ಬಿ.ಕಾಂ. ಪದವೀಧರರಿಗೂ ಬಾಗಿಲು ತೆರೆದಿರುವುದನ್ನು ಗಮನಿಸಿ. ಅಷ್ಟೇ ಅಲ್ಲ, ಲೆಕ್ಕಪತ್ರ ಗೊತ್ತಿರುವ ಜರ್ಮನ್ ಭಾಷಾಂತರಕಾರರಿಗೆ ಬರೀ ಜರ್ಮನ್ ಗೊತ್ತಿರುವವರಿಗಿಂತ ಕೆಲಸ ಸುಲಭವಾಗಿ ಸಿಗುತ್ತದೆ.

ಬೆಂಗಳೂರಿನಲ್ಲಿ ಉದ್ಯೋಗವೆಂದರೆ ಮೊದಲು ಕಾಣುವುದು ಕಂಪನಿಗಳು. ಬಾಷ್, ಎಸ್‌ಎಪಿ, ಮರ್ಸಿಡಿಸ್ ಬೆಂಝ್‌ನ ಸಂಶೋಧನಾ ಕೇಂದ್ರ, ಇವೆಲ್ಲ ಇಲ್ಲೇ ಇವೆ. ಆದರೆ ಇಂಥ ಕಂಪನಿಗಳಲ್ಲಿ ಎಂಜಿನಿಯರುಗಳ ಕೆಲಸ ಬಹುಪಾಲು ಇಂಗ್ಲಿಷಿನಲ್ಲೇ ನಡೆಯುತ್ತದೆ. ಭಾಷಾ ಪದವೀಧರರಿಗೆ ಮೊದಲ ಕೆಲಸ ಸಿಗುವುದು ಸಾಮಾನ್ಯವಾಗಿ ಜಾಗತಿಕ ಸೇವಾ ಕೇಂದ್ರಗಳಲ್ಲಿ: ಜರ್ಮನಿಯ ಗ್ರಾಹಕರ ದೂರು, ಬಿಲ್ಲುಗಳ ಪರಿಶೀಲನೆ, ಸರಬರಾಜುದಾರರೊಂದಿಗೆ ಪತ್ರವ್ಯವಹಾರ. ಅಲ್ಲಿ ಭಾಷೆಗೆಂದು ಹೆಚ್ಚುವರಿ ಸಂಬಳ ಸಿಗುವುದುಂಟು, ಜೊತೆಗೆ ಯುರೋಪಿನ ಸಮಯಕ್ಕೆ ಹೊಂದುವ ಪಾಳಿಯೂ ಉಂಟು. ಸಾಹಿತ್ಯ ಓದಿ ಬಂದ ಮಕ್ಕಳಿಗೆ ಆ ಕೆಲಸ ಒಂದೆರಡು ವರ್ಷದಲ್ಲಿ ಬೇಸರ ತರಿಸುತ್ತದೆ, ಅಲ್ಲಿಂದ ತಂಡದ ನಿರ್ವಹಣೆಗೋ ಗುಣಮಟ್ಟದ ವಿಭಾಗಕ್ಕೋ ಏರಲು ಭಾಷೆಯೊಂದೇ ಸಾಲದು.

ಶಾಲಾ ಶಿಕ್ಷಕ ವೃತ್ತಿಯಲ್ಲಿ ಒಂದು ಅಪಾಯವನ್ನು ಮುಂಚಿತವಾಗಿಯೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿಸಿದೆ, ಅದು ಆಗಲೇಬೇಕಾಗಿದ್ದ ಕೆಲಸ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ಭಾಷೆಗಳಲ್ಲಿ ಕನಿಷ್ಠ ಎರಡು ಭಾರತೀಯ ಭಾಷೆಗಳಿರಬೇಕು ಎನ್ನುತ್ತದೆ. ಇವೆರಡರ ನಡುವೆ ಶಾಲೆಗಳಲ್ಲಿ ವಿದೇಶಿ ಭಾಷೆಗೆ ಉಳಿಯುವ ಜಾಗ ಕಿರಿದು. ಬಿ.ಎಡ್. ಮಾಡಿದರೆ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ ಅವಕಾಶವಿದೆ, ವಯಸ್ಕರಿಗೆ ಕಲಿಸುವ ಸಂಸ್ಥೆಗಳಲ್ಲೂ ಬೇಡಿಕೆಯಿದೆ, ಏಕೆಂದರೆ ನರ್ಸಿಂಗ್ ಮತ್ತು ಉನ್ನತ ಶಿಕ್ಷಣಕ್ಕಾಗಿ ಜರ್ಮನಿಗೆ ಹೊರಡುವವರು ಭಾಷೆ ಕಲಿತೇ ಹೋಗಬೇಕು. ವಿಶ್ವಸಂಸ್ಥೆಯಲ್ಲಿ ದುಭಾಷಿಯಾಗುವ ಕನಸನ್ನು ಅನೇಕ ಮಕ್ಕಳು ಹೇಳುತ್ತಾರೆ. ಅಲ್ಲಿನ ಆರು ಅಧಿಕೃತ ಭಾಷೆಗಳು ಅರೇಬಿಕ್, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಜರ್ಮನ್ ಅವುಗಳಲ್ಲಿಲ್ಲ.

ಮುಂದಿರುವ ದಾರಿಗಳನ್ನು ನೋಡೋಣ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಅಥವಾ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಆನರ್ಸ್ ಓದಿದರೆ ದಿನವಿಡೀ ಭಾಷೆಯ ನಡುವೆಯೇ ಇರುವ ಭಾಗ್ಯ ಸಿಗುತ್ತದೆ. ಒಳ್ಳೆಯ ಗ್ರಂಥಾಲಯ, ಹತ್ತಾರು ಭಾಷೆ ಕಲಿಯುವ ಸಹಪಾಠಿಗಳು, ಕೇಂದ್ರೀಯ ವಿಶ್ವವಿದ್ಯಾಲಯದ ಕಡಿಮೆ ಶುಲ್ಕ, ಇವು ಅದರ ಲಾಭ. ನೆಹರೂ ವಿಶ್ವವಿದ್ಯಾಲಯಕ್ಕೆ (ಜೆಎನ್‌ಯು) ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಸೀಟುಗಳು ಕಡಿಮೆ, ಪ್ರವೇಶ ಸಿಗದಿದ್ದರೆ ವರ್ಷ ವ್ಯರ್ಥವಾಗದಂತೆ ಇಲ್ಲೊಂದು ಕಾಲೇಜಿಗೂ ಅರ್ಜಿ ಹಾಕಿಡಿ. ಮಧ್ಯದಲ್ಲಿ ಮನಸ್ಸು ಬದಲಾದರೆ ಮೊದಲಿನಿಂದ ಆರಂಭಿಸಬೇಕಾದೀತು ಎಂಬುದು ಈ ದಾರಿಯ ಅಪಾಯ. ಎರಡನೆಯ ದಾರಿ, ಇಲ್ಲೇ ಬಿ.ಕಾಂ. ಓದುತ್ತಾ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ, ಸೆಂಟ್ರಲ್ ಕಾಲೇಜು ಆವರಣದಲ್ಲಿರುವ ನಗರ ವಿಶ್ವವಿದ್ಯಾಲಯದ ವಿದೇಶಿ ಭಾಷಾ ಕೋರ್ಸುಗಳಲ್ಲೋ ಮುಂದುವರಿದು ಮೂರು ವರ್ಷದಲ್ಲಿ ಬಿ2 ಮುಟ್ಟುವುದು. ಉದ್ಯೋಗದ ದೃಷ್ಟಿಯಿಂದ ಇದು ಹೆಚ್ಚು ಭದ್ರ. ಆದರೆ ಕಾಲೇಜು ಮುಗಿಸಿ, ಬಸ್ಸು ಹಿಡಿದು, ಸಂಜೆ ತರಗತಿಗೆ ಹೋಗಿ, ರಾತ್ರಿ ಮನೆಪಾಠ ಮಾಡುವ ಈ ಕ್ರಮದಲ್ಲಿ ಬಿ1ರ ಹತ್ತಿರ ನಿಂತುಹೋಗುವವರೇ ಬಹಳ. ಪರೀಕ್ಷೆಗಳು ಎದುರಾದಾಗ ಮೊದಲು ಬಿಟ್ಟುಹೋಗುವುದು ಭಾಷೆಯೇ. ಪಿಯುಸಿ ಮುಗಿದ ಕೂಡಲೇ ಜರ್ಮನಿಗೇ ಹೋಗಿ ಓದಬಹುದೇ ಎಂದು ಏಜೆಂಟರು ಆಸೆ ಹುಟ್ಟಿಸಿಯಾರು. ಪಿಯುಸಿಯೊಂದರಿಂದಲೇ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸಾಮಾನ್ಯವಾಗಿ ನೇರ ಪ್ರವೇಶ ಸಿಗುವುದಿಲ್ಲ, ಆ ಯೋಚನೆಯನ್ನು ಸ್ನಾತಕೋತ್ತರ ಹಂತಕ್ಕೆ ಇಟ್ಟುಕೊಳ್ಳುವುದು ವಿವೇಕ.

ಜಪಾನೀಸ್ ಬಗ್ಗೆ ಒಂದು ಮಾತು. ವಾಕ್ಯರಚನೆಯಲ್ಲಿ ಅದು ಕನ್ನಡಕ್ಕೆ ಜರ್ಮನ್ನಿಗಿಂತ ಹತ್ತಿರ: ಕ್ರಿಯಾಪದ ಕೊನೆಗೆ, ಪ್ರತ್ಯಯಗಳು ನಾಮಪದದ ನಂತರ. ಬಿಡದಿಯ ಟೊಯೋಟಾದಂಥ ಕಾರ್ಖಾನೆಗಳಿಂದಾಗಿ ಬೇಡಿಕೆಯೂ ಇದೆ. ಆದರೆ ದಿನಬಳಕೆಗೆಂದು ಗುರುತಿಸಿರುವ, ಚೀನೀ ಮೂಲದ ಕಾಂಜಿ ಅಕ್ಷರಗಳೇ 2,136. ಕೆಲಸಕ್ಕೆ ಸಾಮಾನ್ಯವಾಗಿ ಕೇಳುವ, ಜಪಾನೀಸ್ ಪರೀಕ್ಷೆಯ ಎನ್2 ಮಟ್ಟ ತಲುಪಲು ಜರ್ಮನ್ ಬಿ2ಗಿಂತ ಹೆಚ್ಚು ವರ್ಷ ಹಿಡಿಯುತ್ತದೆ. ಇಷ್ಟಪಟ್ಟು ಎ2 ಮುಗಿಸಿದ ಭಾಷೆಯನ್ನು ಮಾರುಕಟ್ಟೆಯ ಮಾತು ಕೇಳಿ ಬಿಡಿಸಬೇಡಿ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಆರಂಭಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್, ಇಬ್ಬರೂ ಜರ್ಮನ್ನರು. ಅವರನ್ನು ಕಳುಹಿಸಿದ ಬಾಸೆಲ್ ಮಿಷನ್ನಿನ ಪತ್ರಗಳು, ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಫ್ತರಖಾನೆಯಲ್ಲಿವೆ. ಧಾರವಾಡ, ಹುಬ್ಬಳ್ಳಿ, ಮಂಗಳೂರಿನ ಹತ್ತೊಂಬತ್ತನೆಯ ಶತಮಾನದ ಬದುಕಿನ ವಿವರಗಳು ಹಳೆಯ ಜರ್ಮನ್ ಕೈಬರಹದಲ್ಲಿ ಕುಳಿತಿವೆ. ಕನ್ನಡವನ್ನೂ ಜರ್ಮನ್ನನ್ನೂ ಸಂಶೋಧನೆಯ ಮಟ್ಟದಲ್ಲಿ ಬಲ್ಲವರು ಬೆರಳೆಣಿಕೆಯಷ್ಟು ಜನ. ಜರ್ಮನ್ ಸಾಹಿತ್ಯ ಕನ್ನಡಕ್ಕೆ ಇಂದಿಗೂ ಹೆಚ್ಚಾಗಿ ಇಂಗ್ಲಿಷ್ ಮೂಲಕವೇ ಬರುತ್ತಿದೆ. ಇದರಿಂದ ದೊಡ್ಡ ಸಂಬಳ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ನೀವು ಕೊರತೆಯೆಂದು ಬರೆದಿದ್ದೀರಿ, ಈ ಕ್ಷೇತ್ರದಲ್ಲಿ ಅದು ಬೇರೆ ಯಾರೂ ತರಲಾಗದ ಬಂಡವಾಳ.

ನನ್ನ ಸಲಹೆ ಹೀಗಿದೆ. ಮಗಳಿಗೆ ಯುವ ಓದುಗರಿಗಾಗಿ ಬರೆದ ಒಂದು ತೆಳ್ಳನೆಯ ಜರ್ಮನ್ ಕಾದಂಬರಿಯನ್ನು ಕೊಡಿ, ಸರಳಗೊಳಿಸಿದ ಆವೃತ್ತಿ ಬೇಡ. ಆರು ವಾರ, ದಿನಕ್ಕೆ ಒಂದು ಗಂಟೆ, ನಿಘಂಟು ಹಿಡಿದು ಓದಲಿ, ಪ್ರತಿ ವಾರದ ಕೊನೆಯಲ್ಲಿ ಓದಿದ್ದರ ಬಗ್ಗೆ ಜರ್ಮನ್ನಿನಲ್ಲಿ ಒಂದು ಪುಟ ಬರೆಯಲಿ. ಎಷ್ಟು ಪುಟ ಮುಗಿಯಿತು ಎಂಬುದು ಮುಖ್ಯವಲ್ಲ. ಮೂರನೆಯ ವಾರದ ಹೊತ್ತಿಗೆ ಅವಳು ತಾನಾಗಿಯೇ ಪುಸ್ತಕ ತೆರೆಯುತ್ತಿದ್ದರೆ ಆನರ್ಸ್‌ಗೆ ಕಳುಹಿಸಿ, ರಜೆಗಳಲ್ಲಿ ಲೆಕ್ಕಪತ್ರದ ಅಭ್ಯಾಸವನ್ನು ಬಿಡದೆ ಇಟ್ಟುಕೊಳ್ಳುವಂತೆ ಹೇಳಿ. ಪುಸ್ತಕ ಮೂಲೆ ಸೇರಿ, ಸಂಭಾಷಣೆಯ ತರಗತಿಗೆ ಮಾತ್ರ ಉತ್ಸಾಹವಿದ್ದರೆ ಬಿ.ಕಾಂ. ಜೊತೆಗೆ ಬಿ2 ಅವಳಿಗೆ ಸರಿಯಾದ ದಾರಿ. ಆಗಲೂ ಬಿ2 ಪರೀಕ್ಷೆಯನ್ನು ಒಂದೇ ಸಲಕ್ಕೆ ಮುಗಿಸಬೇಕಾಗಿಲ್ಲ. ಓದು, ಕೇಳು, ಬರಹ, ಮಾತು ಎಂಬ ನಾಲ್ಕು ಭಾಗಗಳನ್ನು ಬಿಡಿಬಿಡಿಯಾಗಿ ಬರೆಯಬಹುದು, ಪ್ರತಿಯೊಂದರಲ್ಲೂ ನೂರಕ್ಕೆ 60 ಬಂದರೆ ಪಾಸು. ಎರಡನೆಯ ವರ್ಷದ ಬಿ.ಕಾಂ. ಪರೀಕ್ಷೆ ಮುಗಿದ ರಜೆಯಲ್ಲಿ ಮೊದಲೆರಡು ಭಾಗಗಳಿಗೆ ಕೂರುವಂತೆ ಯೋಜಿಸಿಕೊಳ್ಳಲಿ.